ಜಾಲತಾಣಗಳನ್ನು ಅಂತರಜಾಲ ಜಾಹೀರಾತು ಕಾರ್ಯಕ್ರಮಕ್ಕೆ ನೋಂದಾಯಿಸುವ ಬಗ್ಗೆ: ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಬೆಂಗಳೂರಿನ ಹೊರವಲಯದ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಹಾಗೂ ಪೀಣ್ಯ ಪ್ರದೇಶಗಳಲ್ಲಿ ವಾಸಿಸುವ ಹಲವರು ತಮ್ಮ ಉದ್ಯೋಗದ ಜೊತೆಗೆ ಸ್ವಂತ ಜಾಲತಾಣಗಳನ್ನು ನಡೆಸುತ್ತಿದ್ದಾರೆ. ಬಡಾವಣೆಯ ಸುದ್ದಿ, ಬಸ್ಸು ಮತ್ತು ಮೆಟ್ರೊ ಮಾಹಿತಿ, ಉದ್ಯೋಗಾವಕಾಶ, ಅಡುಗೆ, ಯಂತ್ರಗಳ ಬಳಕೆ ಮುಂತಾದ ವಿಷಯಗಳು ಇಂತಹ ತಾಣಗಳಲ್ಲಿ ದೊರೆಯುತ್ತವೆ. ತಾಣದ ವೆಚ್ಚವನ್ನು ಸರಿದೂಗಿಸಿ ಅಲ್ಪ ಆದಾಯ ಪಡೆಯುವ ಉದ್ದೇಶದಿಂದ ಅವರಲ್ಲಿ ಅನೇಕರು ಅಂತರಜಾಲ ಜಾಹೀರಾತು ಕಾರ್ಯಕ್ರಮಗಳಿಗೆ ಅರ್ಜಿ ಸಲ್ಲಿಸುತ್ತಾರೆ. ಇವುಗಳ ಪೈಕಿ ಹೆಚ್ಚು ಬಳಕೆಯಲ್ಲಿರುವುದು ಗೂಗಲ್ ಸಂಸ್ಥೆಯ ಆಡ್‌ಸೆನ್ಸ್.

ಅರ್ಜಿ ತಿರಸ್ಕೃತವಾದಾಗ ಕಾರಣ ತಿಳಿಯದೆ ಮಧ್ಯವರ್ತಿಗಳಿಗೆ ಹಣ ನೀಡುವುದು, ಅಂಗೀಕಾರ ದೊರೆತರೂ ವಿಳಾಸದ ಪತ್ರ ಕೈಸೇರದೆ ಹಣ ಪಡೆಯಲಾಗದಿರುವುದು, ತಿಳಿಯದೆ ಮಾಡಿದ ತಪ್ಪಿನಿಂದ ಖಾತೆಯನ್ನೇ ಕಳೆದುಕೊಳ್ಳುವುದು ಮುಂತಾದ ತೊಂದರೆಗಳು ಅರ್ಜಿದಾರರಿಗೆ ಎದುರಾಗುತ್ತವೆ. ಬರಹ, ಹೆಸರು ಮತ್ತು ವಿಳಾಸ, ಈ ಮೂರೂ ಅರ್ಜಿದಾರರ ಸ್ವಂತದ್ದಾಗಿದ್ದು ಸರಿಯಾಗಿದ್ದಲ್ಲಿ ಇಂತಹ ಬಹುತೇಕ ತೊಂದರೆಗಳನ್ನು ತಪ್ಪಿಸಬಹುದಾಗಿದೆ. ಈ ನಿಟ್ಟಿನಲ್ಲಿ ಅವಶ್ಯವಾದ ಮಾಹಿತಿಯನ್ನು ಸಾರ್ವಜನಿಕರ ತಿಳುವಳಿಕೆಗಾಗಿ ಇಲ್ಲಿ ನೀಡಲಾಗಿದೆ.

ಕಾರ್ಯಕ್ರಮದ ಸ್ವರೂಪ

ಆಡ್‌ಸೆನ್ಸ್ ಕಾರ್ಯಕ್ರಮವು 2003ರ ಜೂನ್ ತಿಂಗಳಿನಲ್ಲಿ ಆರಂಭವಾಯಿತು. ಜಾಹೀರಾತುದಾರರಿಂದ ಹಣ ಪಡೆಯುವ ಸಂಸ್ಥೆಯು ಅಂಗೀಕೃತ ಜಾಲತಾಣಗಳ ಪುಟಗಳಲ್ಲಿ ಜಾಹೀರಾತುಗಳನ್ನು ತೋರಿಸಿ, ಬಂದ ಹಣದ ಒಂದು ಪಾಲನ್ನು ತಾಣದ ಮಾಲೀಕರಿಗೆ ನೀಡುತ್ತದೆ. 2023ರ ನವೆಂಬರ್‌ನಲ್ಲಿ ಸಂಸ್ಥೆಯು ಪ್ರಕಟಿಸಿದಂತೆ, ಜಾಹೀರಾತು ಖರೀದಿಸುವ ವೇದಿಕೆಯು ತನ್ನ ಶುಲ್ಕ ಕಳೆದುಕೊಂಡ ನಂತರ ಉಳಿಯುವ ಮೊತ್ತದಲ್ಲಿ ಶೇ. 80ರಷ್ಟು ತಾಣದ ಮಾಲೀಕರಿಗೆ ಸಲ್ಲುತ್ತದೆ. ಖರೀದಿಯ ವೇದಿಕೆಯೂ ಗೂಗಲ್ ಸಂಸ್ಥೆಯದೇ ಆಗಿದ್ದಲ್ಲಿ, ಜಾಹೀರಾತುದಾರರು ನೀಡುವ ಪ್ರತಿ 100 ರೂಪಾಯಿಯಲ್ಲಿ ಸರಾಸರಿ 68 ರೂಪಾಯಿ ಮಾಲೀಕರಿಗೆ ತಲುಪುತ್ತದೆ.

ಈ ಕಾರ್ಯಕ್ರಮಕ್ಕೆ ಸೇರಲು ಅರ್ಜಿ ಶುಲ್ಕವಾಗಲಿ, ಠೇವಣಿಯಾಗಲಿ ಇರುವುದಿಲ್ಲ.

ಭಾರತೀಯ ಭಾಷೆಗಳಿಗೆ ಈ ಕಾರ್ಯಕ್ರಮವು ತಡವಾಗಿ ದೊರೆಯಿತು. ಹಿಂದಿ ಭಾಷೆಯನ್ನು 2014ರ ಡಿಸೆಂಬರ್‌ನಲ್ಲಿ, ಬಂಗಾಳಿಯನ್ನು 2017ರಲ್ಲಿ, ತಮಿಳು ಮತ್ತು ತೆಲುಗು ಭಾಷೆಗಳನ್ನು 2018ರಲ್ಲಿ ಸೇರಿಸಲಾಯಿತು. ಕನ್ನಡದ ಮೊದಲ ಅಂತರಜಾಲ ಪತ್ರಿಕೆಯಾದ ವಿಶ್ವಕನ್ನಡ 1996ರಲ್ಲಿಯೇ ಆರಂಭವಾಗಿದ್ದರೂ, ಬಹುಕಾಲ ಕನ್ನಡದಲ್ಲಿ ಬರೆದ ತಾಣಗಳು ಭಾಷೆಯ ಕಾರಣದಿಂದಲೇ ತಿರಸ್ಕೃತವಾಗುತ್ತಿದ್ದವು. ಈಗ ಕನ್ನಡವೂ ಅಂಗೀಕೃತ ಭಾಷೆಗಳ ಪಟ್ಟಿಯಲ್ಲಿದೆ. ಆದ್ದರಿಂದ ಕೇವಲ ಅಂಗೀಕಾರಕ್ಕಾಗಿ ಕನ್ನಡ ಬರಹಗಳನ್ನು ತೆಗೆದು ಇಂಗ್ಲಿಷ್ ಬರಹಗಳನ್ನು ಹಾಕುವ ಅವಶ್ಯಕತೆ ಇರುವುದಿಲ್ಲ.

ಅರ್ಹತೆ

1. ಅರ್ಜಿದಾರರು 18 ವರ್ಷ ಪೂರೈಸಿರಬೇಕು. 18 ವರ್ಷದೊಳಗಿನವರ ತಾಣವಾಗಿದ್ದಲ್ಲಿ ತಂದೆ, ತಾಯಿ ಅಥವಾ ಪೋಷಕರ ಖಾತೆಯ ಮೂಲಕ ಅರ್ಜಿ ಸಲ್ಲಿಸಬಹುದು. ಹಣವು ಆ ಹಿರಿಯರ ಹೆಸರಿಗೇ ಸಂದಾಯವಾಗುತ್ತದೆ.

2. ತಾಣದ ಪುಟಗಳಿಗೆ ಕೋಡ್ ಸೇರಿಸುವ ಅಧಿಕಾರ ಅರ್ಜಿದಾರರಿಗೆ ಇರಬೇಕು. ಬೇರೆಯವರ ತಾಣಕ್ಕೆ ಅರ್ಜಿ ಸಲ್ಲಿಸಲಾಗದು.

3. ತಾಣಕ್ಕೆ ಸ್ವಂತ ಡೊಮೈನ್ ಹೆಸರು ಇರಬೇಕು. ಗೂಗಲ್ ಸಂಸ್ಥೆಯದೇ ಆದ ಬ್ಲಾಗರ್ ಸೇವೆಯಲ್ಲಿ ನಡೆಸುವ ಉಚಿತ ಬ್ಲಾಗ್‌ಗಳಿಗೂ ಅವಕಾಶವಿದೆ.

4. ಒಬ್ಬ ವ್ಯಕ್ತಿಯ ಹೆಸರಿನಲ್ಲಿ ಒಂದೇ ಖಾತೆ ಇರತಕ್ಕದ್ದು. ಹಲವು ತಾಣಗಳಿದ್ದಲ್ಲಿ ಅವುಗಳನ್ನು ಅದೇ ಖಾತೆಗೆ ಸೇರಿಸಬಹುದು; ಪ್ರತಿ ತಾಣಕ್ಕೂ ಪ್ರತ್ಯೇಕ ಪರಿಶೀಲನೆ ನಡೆಯುತ್ತದೆ.

ಇಂತಿಷ್ಟೇ ಲೇಖನಗಳಿರಬೇಕು ಅಥವಾ ದಿನಕ್ಕೆ ಇಂತಿಷ್ಟೇ ಓದುಗರಿರಬೇಕು ಎಂಬ ಸಂಖ್ಯೆಯನ್ನು ಸಂಸ್ಥೆಯು ನಿಗದಿಪಡಿಸಿರುವುದಿಲ್ಲ. ಇಂತಹ ಸಂಖ್ಯೆಗಳನ್ನು ಮುಂದಿಟ್ಟು ಹಣ ಕೇಳುವವರ ಮಾತನ್ನು ನಂಬಬಾರದು.

ಬರಹವನ್ನು ಸಿದ್ಧಪಡಿಸುವುದು

ಉದಾಹರಣೆಯಾಗಿ, ಪೀಣ್ಯದ ಕಾರ್ಯಾಗಾರವೊಂದರಲ್ಲಿ ಟರ್ನರ್ ಆಗಿರುವ ಅರ್ಜಿದಾರರೊಬ್ಬರನ್ನು ಊಹಿಸಿಕೊಳ್ಳಬಹುದು. ಐಟಿಐ ವಿದ್ಯಾರ್ಥಿಗಳಿಗೆ ನೆರವಾಗಲೆಂದು ಅವರು ಲೇತ್ ಯಂತ್ರದ ಕೆಲಸ, ವರ್ನಿಯರ್ ಕ್ಯಾಲಿಪರ್‌ನಿಂದ ಅಳತೆ ಓದುವ ಕ್ರಮ, ಟೂಲ್ ಸಾಣೆ ಹಿಡಿಯುವ ವಿಧಾನ ಇವುಗಳನ್ನು ಕನ್ನಡದಲ್ಲಿ ವಿವರಿಸುವ ತಾಣವನ್ನು ನಡೆಸುತ್ತಿದ್ದಾರೆ. ಅವರ ಅರ್ಜಿಯು "ಬರಹದ ಮೌಲ್ಯ ಸಾಲದು" ಎಂಬ ಕಾರಣದಿಂದ ಹಿಂದಿರುಗಿ ಬಂದಿದೆ. ಕೆಲಸ ಬಲ್ಲವರೇ ಬರೆದ ಪಾಠಗಳಿಗೆ ಇಂತಹ ಉತ್ತರ ಬರಲು ಸಾಮಾನ್ಯವಾಗಿ ಈ ಕೆಳಕಂಡ ಕಾರಣಗಳಿರುತ್ತವೆ.

ಮೊದಲನೆಯದು, ಅಕ್ಷರಗಳ ಸ್ವರೂಪ. 2000ದ ದಶಕದಲ್ಲಿ ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಸಿದ್ಧಪಡಿಸಿದ ಪಠ್ಯವು ಪರದೆಯ ಮೇಲೆ ಕನ್ನಡವಾಗಿ ಕಂಡರೂ ಗಣಕಯಂತ್ರದೊಳಗೆ ರೋಮನ್ ಅಕ್ಷರಗಳ ಸಂಕೇತವಾಗಿಯೇ ಉಳಿದಿರುತ್ತದೆ. ಪುಟಗಳನ್ನು ಓದುವ ಸ್ವಯಂಚಾಲಿತ ತಂತ್ರಾಂಶಕ್ಕೆ ಅದು ಅರ್ಥವಿಲ್ಲದ ಅಕ್ಷರಗಳ ರಾಶಿಯಾಗಿ ತೋರುತ್ತದೆ. ಕರ್ನಾಟಕ ಸರ್ಕಾರವು 2012ರಲ್ಲಿ ಯೂನಿಕೋಡ್ ಅನ್ನು ಶಿಷ್ಟತೆಯಾಗಿ ಅಂಗೀಕರಿಸಿದೆ. ಹಳೆಯ ಪಠ್ಯವನ್ನು ಪರಿವರ್ತಕ ತಂತ್ರಾಂಶದ ಮೂಲಕ ಯೂನಿಕೋಡ್‌ಗೆ ಬದಲಾಯಿಸಿ, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾರೆ ಪರಿಶೀಲಿಸಿ ಪ್ರಕಟಿಸತಕ್ಕದ್ದು. ಪುಟದ ಒಂದು ವಾಕ್ಯವನ್ನು ನಕಲು ಮಾಡಿ ಮೊಬೈಲ್ ಸಂದೇಶದಲ್ಲಿ ಅಂಟಿಸಿದಾಗ ಅದು ಕನ್ನಡವಾಗಿಯೇ ಕಂಡಲ್ಲಿ ಪಠ್ಯವು ಯೂನಿಕೋಡ್‌ನಲ್ಲಿದೆ ಎಂದು ತಿಳಿಯಬಹುದು.

ಎರಡನೆಯದು, ಬರಹವನ್ನು ಚಿತ್ರವಾಗಿ ಹಾಕಿರುವುದು. ಟಿಪ್ಪಣಿ ಪುಸ್ತಕದ ಹಾಳೆಗಳ ಛಾಯಾಚಿತ್ರ ಅಥವಾ ಪಿಡಿಎಫ್ ಕಡತಗಳಷ್ಟೇ ಇರುವ ಪುಟದಲ್ಲಿ ಪರಿಶೀಲಿಸಲು ಪಠ್ಯವೇ ಇರುವುದಿಲ್ಲ. ಚಿತ್ರದ ಜೊತೆಗೆ ವಿವರಣೆಯನ್ನೂ ಅಕ್ಷರಗಳಲ್ಲಿ ನೀಡಬೇಕು.

ಮೂರನೆಯದು, ನಕಲು. ಪತ್ರಿಕೆಗಳ ಸುದ್ದಿ, ಬೇರೆ ತಾಣಗಳ ಲೇಖನ ಅಥವಾ ಯಂತ್ರಾನುವಾದ ಮಾಡಿ ತಿದ್ದದೆ ಬಿಟ್ಟ ಪಠ್ಯ ಇರುವ ತಾಣಗಳಿಗೆ ಅಂಗೀಕಾರ ದೊರೆಯುವುದು ಕಷ್ಟ. ಎಲೆಕ್ಟ್ರಾನಿಕ್ ಸಿಟಿಯ ಮೂಲಕ ಸಾಗುವ ನಮ್ಮ ಮೆಟ್ರೊ ಹಳದಿ ಮಾರ್ಗವು 2025ರ ಆಗಸ್ಟ್‌ನಲ್ಲಿ ಆರಂಭವಾದ ಸುದ್ದಿಯನ್ನು ಪತ್ರಿಕೆಯಿಂದ ಎತ್ತಿ ಹಾಕಿದರೆ ಅದು ನಕಲು. ಯಾವ ನಿಲ್ದಾಣದಲ್ಲಿ ಇಳಿದರೆ ಯಾವ ಕಾರ್ಖಾನೆಯ ದ್ವಾರ ಹತ್ತಿರ, ರಾತ್ರಿ ಪಾಳಿ ಮುಗಿಸಿದವರಿಗೆ ಯಾವ ಬಸ್ಸು ದೊರೆಯುತ್ತದೆ ಎಂದು ಸ್ವತಃ ನೋಡಿ ಬರೆದರೆ ಅದು ಬೇರೆಲ್ಲಿಯೂ ಸಿಗದ ಮಾಹಿತಿ. ಪರಿಶೀಲನೆಯಲ್ಲಿ ಮೌಲ್ಯ ದೊರೆಯುವುದು ಇಂತಹ ಬರಹಕ್ಕೆ.

ನಾಲ್ಕನೆಯದು, ತಾಣದ ವ್ಯವಸ್ಥೆ. ಅರ್ಧ ಸಿದ್ಧವಾದ ಪುಟಗಳು, ತೆರೆದುಕೊಳ್ಳದ ಕೊಂಡಿಗಳು, ಮೊಬೈಲ್‌ನಲ್ಲಿ ಸರಿಯಾಗಿ ಕಾಣದ ಪಟ್ಟಿಗಳು ಅಥವಾ ಸ್ವಯಂಚಾಲಿತ ತಂತ್ರಾಂಶಕ್ಕೆ ಪ್ರವೇಶ ನಿರ್ಬಂಧಿಸುವ ಸೂಚನೆ ಇದ್ದಲ್ಲಿ ಅವುಗಳನ್ನು ಮೊದಲೇ ಸರಿಪಡಿಸತಕ್ಕದ್ದು.

ಇವುಗಳಲ್ಲದೆ ಅಶ್ಲೀಲ ವಿಷಯ, ದ್ವೇಷ ಹರಡುವ ಬರಹ, ಹಕ್ಕುಸ್ವಾಮ್ಯವಿರುವ ಚಲನಚಿತ್ರ ಮತ್ತು ಹಾಡುಗಳ ಪ್ರತಿಗಳು ಇರುವ ತಾಣಗಳನ್ನು ಅಂಗೀಕರಿಸಲಾಗುವುದಿಲ್ಲ. ಜಾಹೀರಾತಿಗಾಗಿ ಓದುಗರ ಗಣಕಯಂತ್ರದಲ್ಲಿ ಕುಕಿಗಳನ್ನು ಬಳಸುವ ಬಗ್ಗೆ ತಿಳಿಸುವ ಖಾಸಗಿತನ ನೀತಿಯ ಪುಟ ಕಡ್ಡಾಯವಾಗಿ ಇರಬೇಕು. ತಾಣ ನಡೆಸುವವರ ಪರಿಚಯ ಮತ್ತು ಸಂಪರ್ಕದ ಪುಟಗಳು ಇರುವುದು ಉತ್ತಮ.

ಅರ್ಜಿ ಸಲ್ಲಿಸುವ ವಿಧಾನ

1. ಸ್ವಂತ ಗೂಗಲ್ ಖಾತೆಯಿಂದ ಆಡ್‌ಸೆನ್ಸ್ ತಾಣವನ್ನು ಪ್ರವೇಶಿಸಿ ಜಾಲತಾಣದ ವಿಳಾಸ ಹಾಗೂ ದೇಶವನ್ನು ನಮೂದಿಸುವುದು. ದೇಶವನ್ನು ನಂತರ ಬದಲಾಯಿಸಲು ಅವಕಾಶವಿಲ್ಲ.

2. ಹಣ ಪಡೆಯುವವರ ಹೆಸರು ಮತ್ತು ಅಂಚೆ ವಿಳಾಸವನ್ನು ಭರ್ತಿ ಮಾಡುವುದು. ಹೆಸರು ಬ್ಯಾಂಕ್ ಖಾತೆಯಲ್ಲಿ ಇರುವಂತೆಯೇ ಇರತಕ್ಕದ್ದು. ತಂದೆಯ ಹೆಸರಿನ ಅಥವಾ ಊರಿನ ಮೊದಲಕ್ಷರವು ಒಂದು ದಾಖಲೆಯಲ್ಲಿ ಹೆಸರಿನ ಮುಂದೆಯೂ, ಮತ್ತೊಂದರಲ್ಲಿ ಹಿಂದೆಯೂ, ಇನ್ನೊಂದರಲ್ಲಿ ವಿಸ್ತರಿಸಿಯೂ ಇರುವುದು ಕರ್ನಾಟಕದಲ್ಲಿ ಸಾಮಾನ್ಯ. ಅರ್ಜಿಗೆ ಮೊದಲೇ ಬ್ಯಾಂಕ್ ಪಾಸ್‌ಪುಸ್ತಕ, ಪ್ಯಾನ್ ಮತ್ತು ಗುರುತಿನ ಚೀಟಿಯಲ್ಲಿನ ಹೆಸರನ್ನು ಹೋಲಿಸಿ ನೋಡುವುದು ಸೂಕ್ತ.

3. ತಾಣವು ಅರ್ಜಿದಾರರದೇ ಎಂದು ದೃಢಪಡಿಸಲು, ನೀಡಲಾಗುವ ಕೋಡ್ ಅನ್ನು ಪುಟಗಳ ಶಿರೋಭಾಗದಲ್ಲಿ ಸೇರಿಸುವುದು. ಇದಕ್ಕೆ ಬದಲಾಗಿ ಮೆಟಾ ಟ್ಯಾಗ್ ಅಥವಾ ಆಡ್ಸ್ ಡಾಟ್ ಟಿಎಕ್ಸ್‌ಟಿ ಎಂಬ ಕಡತವನ್ನು ಬಳಸಬಹುದು. ಈ ಕಡತವು, ಆ ತಾಣದ ಜಾಹೀರಾತು ಜಾಗವನ್ನು ಮಾರಲು ಯಾರಿಗೆ ಅಧಿಕಾರವಿದೆ ಎಂದು ಬಹಿರಂಗವಾಗಿ ತಿಳಿಸುವ ಪಟ್ಟಿಯಾಗಿರುತ್ತದೆ.

4. ಪರಿಶೀಲನೆಗೆ ಕೋರಿಕೆ ಸಲ್ಲಿಸುವುದು. ಪರಿಶೀಲನೆಗೆ ಸಾಮಾನ್ಯವಾಗಿ ಕೆಲವು ದಿನಗಳು, ಕೆಲವೊಮ್ಮೆ ಎರಡರಿಂದ ನಾಲ್ಕು ವಾರಗಳು ಬೇಕಾಗುತ್ತವೆ. ಈ ಅವಧಿಯಲ್ಲಿ ಕೋಡ್ ತೆಗೆಯುವುದಾಗಲಿ, ತಾಣವನ್ನು ಸ್ಥಗಿತಗೊಳಿಸುವುದಾಗಲಿ ಮಾಡಬಾರದು.

ಅರ್ಜಿ ತಿರಸ್ಕೃತವಾದಲ್ಲಿ ಕಾರಣವನ್ನು ಖಾತೆಯಲ್ಲಿ ತಿಳಿಸಲಾಗುತ್ತದೆ. ಲೋಪವನ್ನು ಸರಿಪಡಿಸಿ ಅದೇ ಖಾತೆಯಿಂದ ಮತ್ತೆ ಪರಿಶೀಲನೆಗೆ ಕೋರಬಹುದು, ಇದಕ್ಕೂ ಶುಲ್ಕವಿಲ್ಲ. ಮೊದಲ ಅರ್ಜಿ ತಿರಸ್ಕೃತವಾಯಿತೆಂದು ಮತ್ತೊಬ್ಬರ ಹೆಸರಿನಲ್ಲಿ ಎರಡನೇ ಖಾತೆ ತೆರೆಯುವುದು ನಿಯಮಬಾಹಿರವಾಗಿದ್ದು, ಮುಂದೆ ಎರಡೂ ಖಾತೆಗಳಿಗೆ ತೊಂದರೆಯಾಗಬಹುದು.

ವಿಳಾಸ ದೃಢೀಕರಣ: ಬಾಡಿಗೆ ಮನೆಯಲ್ಲಿರುವವರ ವಿಶೇಷ ಗಮನಕ್ಕೆ

ತಾಣವು ಅಂಗೀಕೃತವಾಗಿ ಗಳಿಕೆ 10 ಡಾಲರ್ ತಲುಪಿದಾಗ, ಅರ್ಜಿಯಲ್ಲಿ ನೀಡಿದ ವಿಳಾಸಕ್ಕೆ ಆರು ಅಂಕಿಗಳ ಪಿನ್ ಸಂಖ್ಯೆಯುಳ್ಳ ಪತ್ರವನ್ನು ಸಾಧಾರಣ ಅಂಚೆಯಲ್ಲಿ ಕಳುಹಿಸಲಾಗುತ್ತದೆ. ಪತ್ರ ತಲುಪಲು ಎರಡರಿಂದ ನಾಲ್ಕು ವಾರ ಬೇಕಾಗಬಹುದು. ಮೊದಲ ಪಿನ್ ಸಿದ್ಧವಾದ ದಿನದಿಂದ ನಾಲ್ಕು ತಿಂಗಳೊಳಗೆ ಆ ಸಂಖ್ಯೆಯನ್ನು ಖಾತೆಯಲ್ಲಿ ನಮೂದಿಸದಿದ್ದಲ್ಲಿ ತಾಣದಲ್ಲಿ ಜಾಹೀರಾತು ಪ್ರದರ್ಶನ ನಿಲ್ಲುತ್ತದೆ. ಮೂರು ಬಾರಿ ತಪ್ಪು ಸಂಖ್ಯೆ ನಮೂದಿಸಿದರೂ ಇದೇ ಪರಿಣಾಮ ಉಂಟಾಗುತ್ತದೆ. ಅಂಚೆ ಇಲಾಖೆಯ ಪಿನ್‌ಕೋಡ್ ಸಹ ಆರು ಅಂಕಿಗಳದ್ದಾಗಿರುವುದರಿಂದ ಎರಡನ್ನೂ ಒಂದೇ ಎಂದು ಭಾವಿಸಬಾರದು.

ಹೊರವಲಯದ ಅರ್ಜಿದಾರರಿಗೆ ಹೆಚ್ಚು ತೊಂದರೆಯಾಗುವುದು ಈ ಹಂತದಲ್ಲಿಯೇ. ಮೇಲೆ ಉದಾಹರಿಸಿದ ಟರ್ನರ್ ಅವರು 11 ತಿಂಗಳ ಬಾಡಿಗೆ ಕರಾರಿನ ಮನೆಯಲ್ಲಿದ್ದು, ಅರ್ಜಿ ಸಲ್ಲಿಸಿದ ನಂತರ ಮನೆ ಬದಲಾಯಿಸಿದ್ದಾರೆ ಎಂದು ಭಾವಿಸಿದಲ್ಲಿ, ಪತ್ರವು ಹಳೆಯ ಮನೆಗೆ ಹೋಗುತ್ತದೆ. ಸಣ್ಣ ತಾಣವೊಂದು 10 ಡಾಲರ್ ಗಳಿಸಲು ತಿಂಗಳುಗಳೇ ಹಿಡಿಯುವುದರಿಂದ ಹೀಗಾಗುವ ಸಂಭವ ಹೆಚ್ಚು. ಅತಿಥಿಗೃಹ ಮತ್ತು ಪಿ.ಜಿ.ಗಳಲ್ಲಿ ವಾಸಿಸುವವರ ಅಂಚೆಯು ಕೆಳಮಹಡಿಯ ಮೇಜಿನ ಮೇಲೆಯೇ ಉಳಿದುಬಿಡುವುದುಂಟು. ಹಳ್ಳಿಗಳು ಬಡಾವಣೆಗಳಾದ ಕಡೆಗಳಲ್ಲಿ ಒಂದೇ ಅಡ್ಡರಸ್ತೆ ಸಂಖ್ಯೆ ಎರಡು ಮೂರು ಕಡೆ ಇರುವುದೂ ಉಂಟು. ಆದ್ದರಿಂದ ಅರ್ಜಿದಾರರು ಈ ಕೆಳಕಂಡ ಅಂಶಗಳನ್ನು ಪಾಲಿಸುವುದು ಸೂಕ್ತ.

1. ಕನಿಷ್ಠ ಒಂದು ವರ್ಷ ಬದಲಾಗದ ವಿಳಾಸವನ್ನೇ ನೀಡುವುದು. ಸ್ವಂತ ಊರಿನ ಮನೆಯಲ್ಲಿ ಪತ್ರ ಪಡೆದು ಸಂಖ್ಯೆಯನ್ನು ತಿಳಿಸುವವರಿದ್ದಲ್ಲಿ ಆ ವಿಳಾಸವನ್ನು ನೀಡಬಹುದು.

2. ಮನೆ ಸಂಖ್ಯೆ, ಅಡ್ಡರಸ್ತೆ, ಬಡಾವಣೆ, ಗುರುತಿನ ಸ್ಥಳ ಮತ್ತು ಸರಿಯಾದ ಪಿನ್‌ಕೋಡ್ ಬರೆಯುವುದು. ವೈಟ್‌ಫೀಲ್ಡ್ 560066, ಎಲೆಕ್ಟ್ರಾನಿಕ್ ಸಿಟಿ 560100, ಪೀಣ್ಯ 560058 ಆಗಿದ್ದರೂ, ಪಕ್ಕದ ಬಡಾವಣೆಗಳ ಪಿನ್‌ಕೋಡ್ ಬೇರೆಯಾಗಿರಬಹುದು. ಸ್ಥಳೀಯ ಅಂಚೆ ಕಚೇರಿಯಲ್ಲಿ ವಿಚಾರಿಸಿ ಖಚಿತಪಡಿಸಿಕೊಳ್ಳುವುದು.

3. ಮನೆ ಬದಲಾಯಿಸಿದ ಕೂಡಲೇ ಖಾತೆಯಲ್ಲಿ ವಿಳಾಸವನ್ನು ತಿದ್ದುವುದು.

4. ನಾಲ್ಕು ವಾರ ಕಳೆದರೂ ಪತ್ರ ಬಾರದಿದ್ದಲ್ಲಿ ಖಾತೆಯ ಮೂಲಕ ಹೊಸ ಪಿನ್ ಕೋರುವುದು. ಇದಕ್ಕೆ ಕೆಲವೇ ಬಾರಿ ಅವಕಾಶವಿರುತ್ತದೆ. ಆಗಲೂ ತಲುಪದಿದ್ದಲ್ಲಿ ವಿಳಾಸವಿರುವ ಗುರುತಿನ ದಾಖಲೆಯನ್ನು ಸಲ್ಲಿಸಿ ದೃಢೀಕರಿಸಬಹುದಾಗಿದೆ. ದಾಖಲೆಯಲ್ಲಿನ ಹೆಸರು, ವಿಳಾಸವು ಖಾತೆಯಲ್ಲಿರುವುದಕ್ಕೆ ಹೊಂದಿಕೆಯಾಗಬೇಕು.

ಹಣ ಪಾವತಿ ಮತ್ತು ತೆರಿಗೆ

ಬಾಕಿ ಮೊತ್ತವು 100 ಡಾಲರ್ ತಲುಪಿದ ನಂತರ ಪಾವತಿ ಆರಂಭವಾಗುತ್ತದೆ. ಅದಕ್ಕಿಂತ ಕಡಿಮೆ ಇದ್ದಲ್ಲಿ ಮುಂದಿನ ತಿಂಗಳಿಗೆ ಸೇರುತ್ತದೆ. ಒಂದು ತಿಂಗಳ ಗಳಿಕೆಯು ಮುಂದಿನ ತಿಂಗಳ ಆರಂಭದಲ್ಲಿ ಅಂತಿಮಗೊಂಡು, ಅದೇ ತಿಂಗಳ 21ರಿಂದ 26ರ ನಡುವೆ ಪಾವತಿಯಾಗುತ್ತದೆ.

ಭಾರತದ ತಾಣಗಳಿಗೆ ಹಣವು ಸಿಂಗಪುರದ ಗೂಗಲ್ ಸಂಸ್ಥೆಯಿಂದ ಬರುವುದರಿಂದ ಬ್ಯಾಂಕುಗಳು ಇದನ್ನು ವಿದೇಶಿ ಹಣ ರವಾನೆಯಾಗಿ ಪರಿಗಣಿಸುತ್ತವೆ. ಖಾತೆ ಸಂಖ್ಯೆಯ ಜೊತೆಗೆ ಸ್ವಿಫ್ಟ್ ಸಂಕೇತ ಅವಶ್ಯ. ಎಲ್ಲ ಶಾಖೆಗಳಿಗೂ ಸ್ವಿಫ್ಟ್ ಸಂಕೇತ ಇರುವುದಿಲ್ಲವಾದ್ದರಿಂದ, ತಮ್ಮ ಬ್ಯಾಂಕಿನ ಯಾವ ಶಾಖೆಯ ಸಂಕೇತವನ್ನು ಬಳಸಬೇಕೆಂದು ಮೊದಲೇ ವಿಚಾರಿಸತಕ್ಕದ್ದು. ಹಣ ಯಾವ ಉದ್ದೇಶಕ್ಕೆ ಬಂದಿದೆ ಎಂದು ಬ್ಯಾಂಕ್ ಕೇಳಿದಲ್ಲಿ ಜಾಹೀರಾತು ಸೇವೆಯ ಆದಾಯವೆಂದು ತಿಳಿಸಬೇಕು.

ಈ ಆದಾಯವು ತೆರಿಗೆಗೆ ಒಳಪಡುತ್ತದೆ. ಹಣ ಬರುವಾಗ ಭಾರತದಲ್ಲಿ ತೆರಿಗೆ ಕಡಿತವಾಗಿಲ್ಲವೆಂಬ ಕಾರಣದಿಂದ ಅದನ್ನು ಆದಾಯ ತೆರಿಗೆ ವಿವರಪಟ್ಟಿಯಲ್ಲಿ ಬಿಡುವಂತಿಲ್ಲ. ಸೇವೆಗಳಿಂದ ಬರುವ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರಿದಲ್ಲಿ ಸರಕು ಮತ್ತು ಸೇವಾ ತೆರಿಗೆಯ ನೋಂದಣಿ ಬಗ್ಗೆ ತೆರಿಗೆ ಸಲಹೆಗಾರರನ್ನು ವಿಚಾರಿಸುವುದು.

ಖಾಸಗಿ ಕಂಪನಿಗಳ ನೌಕರರು ತಮ್ಮ ನೇಮಕಾತಿ ಕರಾರಿನಲ್ಲಿ ಹೊರಗಿನ ಆದಾಯದ ಬಗ್ಗೆ ಇರುವ ಷರತ್ತನ್ನು ಓದಿಕೊಂಡು, ಅವಶ್ಯವಿದ್ದಲ್ಲಿ ಲಿಖಿತ ಅನುಮತಿ ಪಡೆಯುವುದು ಒಳಿತು. ರಾಜ್ಯ ಸರ್ಕಾರಿ ನೌಕರರಿಗೆ ಕರ್ನಾಟಕ ರಾಜ್ಯ ಸಿವಿಲ್ ಸೇವಾ (ನಡತೆ) ನಿಯಮಗಳು, 2021 ಅನ್ವಯಿಸುತ್ತವೆ.

ಅಂಗೀಕಾರದ ನಂತರ ಪಾಲಿಸಬೇಕಾದ ಎಚ್ಚರಿಕೆ

ಮಾಲೀಕರು ತಮ್ಮ ತಾಣದ ಜಾಹೀರಾತನ್ನು ತಾವೇ ಒತ್ತಬಾರದು. ಮನೆಯವರಿಗೆ, ಸ್ನೇಹಿತರಿಗೆ ಅಥವಾ ಕಚೇರಿಯ ಸಹೋದ್ಯೋಗಿಗಳಿಗೆ "ಒಮ್ಮೆ ಒತ್ತಿ ಬೆಂಬಲಿಸಿ" ಎಂದು ಕೇಳುವುದೂ ನಿಷಿದ್ಧ. ಇದು ನೆರವಿನಂತೆ ತೋರಿದರೂ, ಒಬ್ಬ ಜಾಹೀರಾತುದಾರರು ಗ್ರಾಹಕರಿಗಾಗಿ ನೀಡಿದ ಹಣವು ಗ್ರಾಹಕರಲ್ಲದವರಿಂದ ವ್ಯರ್ಥವಾದಂತಾಗುತ್ತದೆ. ಪೀಣ್ಯದ ಸಣ್ಣ ಕೈಗಾರಿಕೆಯೊಂದು ತನ್ನ ಉತ್ಪನ್ನಕ್ಕಾಗಿ ನೀಡಿದ ಹಣವೂ ಅದಾಗಿರಬಹುದು. ಇಂತಹ ಒತ್ತುವಿಕೆ ಕಂಡುಬಂದಲ್ಲಿ ಗಳಿಕೆಯನ್ನು ಕಡಿತಗೊಳಿಸಲಾಗುತ್ತದೆ. ತೀವ್ರವಾಗಿದ್ದಲ್ಲಿ ಖಾತೆಯನ್ನೇ ಮುಚ್ಚಲಾಗುತ್ತದೆ. ಮುಚ್ಚಿದ ಖಾತೆಯ ಬಗ್ಗೆ ಮೇಲ್ಮನವಿ ಸಲ್ಲಿಸಬಹುದಾದರೂ ಖಾತೆ ಮರಳಿ ದೊರೆಯುವ ಭರವಸೆ ಇರುವುದಿಲ್ಲ. ಹಣ ನೀಡಿ ಓದುಗರ ಸಂಖ್ಯೆಯನ್ನು ಕೃತಕವಾಗಿ ಹೆಚ್ಚಿಸಿಕೊಳ್ಳುವುದಕ್ಕೂ ಇದೇ ನಿಯಮ ಅನ್ವಯಿಸುತ್ತದೆ.

ಸ್ಥಳೀಯ ಸುದ್ದಿ ಪ್ರಕಟಿಸುವ ತಾಣಗಳು ಮಾಹಿತಿ ತಂತ್ರಜ್ಞಾನ ನಿಯಮಗಳು, 2021ರ ಅನ್ವಯ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿಕೊಂಡು, ತಮ್ಮ ವಿವರಗಳನ್ನು ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೆ ಒದಗಿಸಬೇಕಾಗುತ್ತದೆ.

ಮಧ್ಯವರ್ತಿಗಳ ಬಗ್ಗೆ ಸೂಚನೆ

"ಅಂಗೀಕಾರ ಖಚಿತ" ಎಂದು ಹಣ ಕೇಳುವವರಿಗೆ ಪರಿಶೀಲನೆಯ ಮೇಲೆ ಯಾವ ಅಧಿಕಾರವೂ ಇರುವುದಿಲ್ಲ. ತಾಣದ ವಿನ್ಯಾಸಕ್ಕೆ ಅಥವಾ ತಾಂತ್ರಿಕ ದುರಸ್ತಿಗೆ ಸಂಭಾವನೆ ನೀಡುವುದು ಬೇರೆ. ಅಂಗೀಕಾರಕ್ಕೆ ಹಣ ನೀಡುವುದು ಬೇರೆ. ಈಗಾಗಲೇ ಅಂಗೀಕೃತವಾದ ಖಾತೆಯನ್ನು ಕೊಂಡುಕೊಂಡಲ್ಲಿ ಅದರ ಹೆಸರು, ವಿಳಾಸ ಮತ್ತು ಬ್ಯಾಂಕ್ ವಿವರ ಮತ್ತೊಬ್ಬರದಾಗಿರುತ್ತದೆ. ಗಳಿಕೆಯೂ ಅವರಿಗೇ ಸೇರುತ್ತದೆ. ಗೂಗಲ್ ಖಾತೆಯ ಗುಪ್ತಪದ, ಒಟಿಪಿ, ಆಧಾರ್ ಮತ್ತು ಪ್ಯಾನ್ ಪ್ರತಿಗಳನ್ನು ಇಂತಹವರಿಗೆ ನೀಡಬಾರದು. ವಂಚನೆಗೆ ಒಳಗಾದವರು ವಿಳಂಬ ಮಾಡದೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡತಕ್ಕದ್ದು.

ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ಜಾಲತಾಣಕ್ಕೆ ಕಂಪನಿ ನೋಂದಣಿ ಅಥವಾ ಉದ್ಯಮ್ ನೋಂದಣಿ ಬೇಕೆ?
ಉತ್ತರ: ವ್ಯಕ್ತಿಯಾಗಿ ಅರ್ಜಿ ಸಲ್ಲಿಸಲು ಬೇಕಿಲ್ಲ. ಸಂಸ್ಥೆಯ ಹೆಸರಿನಲ್ಲಿ ಅರ್ಜಿ ಸಲ್ಲಿಸಿದಲ್ಲಿ ಬ್ಯಾಂಕ್ ಖಾತೆಯೂ ಸಂಸ್ಥೆಯ ಹೆಸರಿನಲ್ಲಿಯೇ ಇರತಕ್ಕದ್ದು.

ಪ್ರಶ್ನೆ: ಕನ್ನಡ ಮತ್ತು ಇಂಗ್ಲಿಷ್ ಎರಡೂ ಇರುವ ತಾಣಕ್ಕೆ ಅವಕಾಶವಿದೆಯೆ?
ಉತ್ತರ: ಇದೆ. ಎರಡೂ ಅಂಗೀಕೃತ ಭಾಷೆಗಳಾಗಿವೆ. ಆದರೆ ಒಂದೇ ಲೇಖನವನ್ನು ಯಂತ್ರಾನುವಾದದಿಂದ ಎರಡು ಮಾಡಿ ಪುಟಗಳ ಸಂಖ್ಯೆ ಹೆಚ್ಚಿಸುವುದರಿಂದ ಪ್ರಯೋಜನವಿಲ್ಲ.

ಪ್ರಶ್ನೆ: ಈ ಕಾರ್ಯಕ್ರಮಕ್ಕೆ ಸೇರಿದ ತಾಣಕ್ಕೆ ಸರ್ಕಾರಿ ಜಾಹೀರಾತುಗಳೂ ನೇರವಾಗಿ ದೊರೆಯುತ್ತವೆಯೆ?
ಉತ್ತರ: ಇಲ್ಲ. ಸರ್ಕಾರದಿಂದ ನೇರವಾಗಿ ಜಾಹೀರಾತು ಪಡೆಯುವ ವ್ಯವಸ್ಥೆ ಪ್ರತ್ಯೇಕವಾದುದು. ಕೇಂದ್ರ ಸರ್ಕಾರವು 2023ರಲ್ಲಿ ಡಿಜಿಟಲ್ ಜಾಹೀರಾತು ನೀತಿಯನ್ನು, ಕರ್ನಾಟಕ ಸರ್ಕಾರವು 2024ರಲ್ಲಿ ಡಿಜಿಟಲ್ ಜಾಹೀರಾತು ಮಾರ್ಗಸೂಚಿಯನ್ನು ಜಾರಿಗೆ ತಂದಿವೆ. ಅವುಗಳಿಗೆ ಬೇರೆ ಅರ್ಹತೆಗಳಿದ್ದು, ಬೇರೆಯಾಗಿಯೇ ಅರ್ಜಿ ಸಲ್ಲಿಸಬೇಕು.

ಪ್ರಶ್ನೆ: ಅಂಗೀಕಾರ ದೊರೆತ ತಿಂಗಳಿನಿಂದಲೇ ಆದಾಯ ಬರುತ್ತದೆಯೆ?
ಉತ್ತರ: ಆದಾಯವು ಓದುಗರ ಸಂಖ್ಯೆ, ವಿಷಯ ಮತ್ತು ಜಾಹೀರಾತುದಾರರ ಬೇಡಿಕೆಯನ್ನು ಅವಲಂಬಿಸಿರುತ್ತದೆ. ಸಣ್ಣ ತಾಣಗಳಿಗೆ 100 ಡಾಲರ್ ತಲುಪಲು ಹಲವು ತಿಂಗಳುಗಳು ಬೇಕಾಗಬಹುದು. ಇದನ್ನೇ ಜೀವನಾಧಾರವೆಂದು ನಂಬಿ ಇರುವ ಉದ್ಯೋಗವನ್ನು ಬಿಡುವುದು ಸೂಕ್ತವಲ್ಲ.

ವಿ.ಸೂ.: ಅರ್ಜಿಗಳನ್ನು ಜಾಹೀರಾತು ಸಂಸ್ಥೆಯ ತಾಣದಲ್ಲಿ ಅರ್ಜಿದಾರರೇ ನೇರವಾಗಿ ಸಲ್ಲಿಸತಕ್ಕದ್ದು; ಯಾವುದೇ ಸರ್ಕಾರಿ ಕಚೇರಿಯಲ್ಲಿ ಸ್ವೀಕರಿಸಲಾಗುವುದಿಲ್ಲ. ಸಂಸ್ಥೆಯ ನಿಯಮಗಳು ಕಾಲಕಾಲಕ್ಕೆ ಬದಲಾಗುವುದರಿಂದ, ಅರ್ಜಿ ಸಲ್ಲಿಸುವ ದಿನದಂದು ಜಾರಿಯಲ್ಲಿರುವ ನಿಯಮಗಳನ್ನು ಒಮ್ಮೆ ಓದಿಕೊಳ್ಳುವಂತೆ ಕೋರಲಾಗಿದೆ.